ಒಂಚಿರಿ ಮೇಷ್ಟರ ಇಪ್ಪತ್ತನಾಲ್ಕು ನಾಲಿಗೆಗಳು

ಸೋಸ್‌ಪೀಟರ್ ಒಂಚಿರಿ ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ಮಣ್ಣಿಗೆಂದು ಅವನ ಕಿಸೀ ಬೆಟ್ಟದ ಊರಿಗೆ ಹೋಗಿದ್ದೆ. ಅಲ್ಲಿ ಅಚ್ಚು ಹಾಕಿಸಿ ಹಂಚಿದ ಎರಡು ಪುಟದ ಜೀವನಚರಿತ್ರೆಯಲ್ಲಿ ಹುಟ್ಟಿದ ವರ್ಷ, ಓದಿದ ಶಾಲೆ, ಮದುವೆ, ನಾಲ್ಕು ಮಕ್ಕಳು, ಚರ್ಚಿನ ಸಮಿತಿ, ಸಕ್ಕರೆ ಕಾಯಿಲೆ ಎಲ್ಲವೂ ಇದ್ದವು. ಅವನು ಇಂಗ್ಲಿಷ್ ಮೇಷ್ಟರಾಗಿಯೇ ಉಳಿದದ್ದು ಹೇಗೆ ಎಂಬುದು ಇರಲಿಲ್ಲ. ಅದನ್ನು ಕಣ್ಣಾರೆ ಕಂಡವರಲ್ಲಿ ಬರೆಯುವ ಚಟ ಇರುವವನು ನಾನೊಬ್ಬನೇ. ಅವನಿದ್ದಾಗ ಬರೆದಿದ್ದರೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದ. ಈಗ ಆ ಭಯವಿಲ್ಲ. ಇರಬೇಕಿತ್ತು ಅನಿಸುತ್ತದೆ.

ನಮ್ಮ ಶಾಲೆ ಇದ್ದದ್ದು ನೈವಾಷಾ ಸರೋವರದ ದಂಡೆಯಲ್ಲಿ, ಗುಲಾಬಿ ತೋಟಗಳ ನಡುವೆ. ತೋಟದಲ್ಲಿ ದುಡಿಯುವವರ ಮಕ್ಕಳಿಗಾಗಿಯೇ ಇದ್ದ ಶಾಲೆ ಅದು. ಕೀನ್ಯಾದ ಯಾವ ಮೂಲೆಯಲ್ಲಿ ಕೆಲಸ ಇಲ್ಲವೋ ಆ ಮೂಲೆಯ ಜನರೆಲ್ಲ ಅಲ್ಲಿದ್ದರು. ಬೆಳಿಗ್ಗೆ ಆಟದ ಬಯಲಿನಲ್ಲಿ ನೀರಾನೆಯ ಲದ್ದಿ ಬಾಚಿ ತೆಗೆದ ಮೇಲೆಯೇ ಪ್ರಾರ್ಥನೆ. ಪರದೇಶದ ವಿಮಾನ ಹತ್ತಲಾರದ ಸೊಟ್ಟ ಗುಲಾಬಿಗಳನ್ನು ಮಕ್ಕಳು ತಂದು ಕೊಡುತ್ತಿದ್ದರು. ಅವನ್ನು ಸೀಮೆಎಣ್ಣೆ ಡಬ್ಬಿಯಲ್ಲಿಟ್ಟು, ಅದರ ಪಕ್ಕದಲ್ಲಿ ನಾವು ಚಹಾ ಕುಡಿಯುತ್ತಿದ್ದೆವು. ಚಹಾಕ್ಕೆ ಗುಲಾಬಿಯ ವಾಸನೆ, ಗುಲಾಬಿಗೆ ಸೀಮೆಎಣ್ಣೆಯ ವಾಸನೆ. ಇಪ್ಪತ್ತೆರಡು ವರ್ಷ ಹೀಗೆಯೇ ಕಳೆಯಿತು. ನಾನು ಗಣಿತ ಕಲಿಸುತ್ತಿದ್ದೆ, ಅವನು ಇಂಗ್ಲಿಷ್.

ಈ ಇಂಗ್ಲಿಷಿನದೇ ತಕರಾರು. ನಮ್ಮಲ್ಲಿ ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಆದರೆ ಎಲ್ಲರಿಗೂ ಅವರವರ ಮನೆಯ ಹಿತ್ತಿಲಿನಿಂದಲೇ ಬರುತ್ತದೆ. ಕಿಕುಯು ಜನರಿಗೆ 'ಲ' ಒಗ್ಗದು, 'ಲೇಕ್' ಎನ್ನಲು ಹೋದರೆ 'ರೇಕ್' ಆಗುತ್ತದೆ. ನಾನು ಕಾಂಬಾದವನು. ನಮಗೆ 'ರ' ಒಗ್ಗದು, 'ರಿವರ್' ನಮ್ಮ ಬಾಯಲ್ಲಿ 'ಲಿವಲ್' ಆಗಿ ಹರಿಯುತ್ತದೆ. ಲುವೋ ಮಂದಿಗೆ 'ರ' 'ಲ' ಎರಡೂ ಗಂಟೆ ಹೊಡೆದ ಹಾಗೆ ಬರುತ್ತವೆ, ಆದರೆ 'ಫಿಶ್' ಬಂದಾಗ 'ಫಿಸ್' ಎಂದು ಗಾಳಿ ಬಿಟ್ಟ ಟಯರಾಗುತ್ತಾರೆ. ಕಲೆಂಜಿನ್ನರು 'ಬಿಗ್' ಅನ್ನು 'ಪಿಕ್' ಮಾಡಿ, ಅದನ್ನೂ ಅರ್ಧ ನುಂಗಿ, ಓಡಿಹೋಗುತ್ತಾರೆ. ಒಬ್ಬರ ಇಂಗ್ಲಿಷ್ ಕೇಳಿ ಇನ್ನೊಬ್ಬರು ನಗದ ದಿನವಿಲ್ಲ. ನಕ್ಕವನು ಬಾಯಿ ತೆರೆದಾಗ ಮೊದಲಿನವನು ಬಾಕಿ ತೀರಿಸಿಕೊಳ್ಳುತ್ತಿದ್ದ.

ಒಂಚಿರಿ ಕಿಸೀಯವನು. ಅವನ ನಾಡಿನ ನುಡಿಯಲ್ಲಿ 'ಲ' ಇಲ್ಲವೇ ಇಲ್ಲ. ಕಿವಿ ಮಾತ್ರ ಅಕ್ಕಸಾಲಿಗನ ತಕ್ಕಡಿ. ನೂರು ಮಕ್ಕಳ ಗದ್ದಲದಲ್ಲಿ ಒಂದು 'ಶ' ಹಗುರವಾದರೂ ತಲೆ ಎತ್ತುತ್ತಿದ್ದ. ಕಿವಿಗೆ ಬಂದದ್ದು ಬಾಯಿಗೆ ಬರುತ್ತಿರಲಿಲ್ಲ, ಅಷ್ಟೇ. ತನ್ನ ವಿಷಯದ ಹೆಸರಿನಲ್ಲೇ ಆ ಹಾಳು ಅಕ್ಷರ ಕೂತಿದೆಯಲ್ಲ ಎಂಬುದು ಅವನ ಜೀವನದ ದೊಡ್ಡ ವ್ಯಥೆ. 'ಇಂಗ್ಲಿಷ್' ಎನ್ನಲಾರದೆ 'ನಾನು ಆ ವಿಷಯ ಕಲಿಸುತ್ತೇನೆ' ಎನ್ನುತ್ತಿದ್ದ. ಹೊರಗಿನವರ ಮುಂದೆ 'ಸ್ಕೂಲ್' ಎನ್ನುತ್ತಿರಲಿಲ್ಲ, 'ಈ ಸಂಸ್ಥೆ' ಎಂದು ಅರ್ಥ ಬರುವ ಭಾರಿ ಪದ ಹಾಕುತ್ತಿದ್ದ. ಸರೋವರಕ್ಕೆ 'ಆ ಮಹಾ ನೀರು'. ಒಂದೇ ಒಂದು 'ಲ' ತಪ್ಪಿಸಲು ಅವನ ಮಾತು ಮೂರು ಬೀದಿ ಸುತ್ತಿ ಬರುತ್ತಿತ್ತು. ಕೇಳಿದವರು ಆಹಾ, ಎಂಥ ವಿದ್ವಾಂಸ ಎಂದುಕೊಳ್ಳುತ್ತಿದ್ದರು.

ನಮ್ಮಿಬ್ಬರ ಸ್ನೇಹವೂ ಇದರಲ್ಲೇ ಕುದುರಿತು. ಬಂದ ಹೊಸದರಲ್ಲಿ ಒಂದು ದಿನ ಚಹಾ ಹೊತ್ತಿನಲ್ಲಿ ಅವನು ನನ್ನನ್ನು ದಿಟ್ಟಿಸಿ, "ಕಿಮೆಯು, ನಿನಗೆ ಒಂದಿಲ್ಲ, ನನಗೆ ಇನ್ನೊಂದಿಲ್ಲ. ಸರ್ಕಾರ ಇಬ್ಬರಿಗೂ ಸೇರಿಸಿ ಒಂದು ಸಂಬಳ ಕೊಡಬೇಕಿತ್ತು" ಅಂದ.

ಮೂರನೆಯ ವರ್ಷ ಪರಿವೀಕ್ಷಕಿ ಮಿಸೆಸ್ ಗಥೋನಿ ಬಂದರು. ಇಂಗ್ಲಿಷ್ ತರಗತಿಯ ಹಿಂಬದಿಯಲ್ಲಿ ಕೂತರು. ಒಂಚಿರಿಗೆ ಇಂಥ ದಿನಗಳಲ್ಲಿ ತಪ್ಪದೆ ಗಂಟಲು ಕೆಡುತ್ತಿತ್ತು. ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು, ಬೋರ್ಡಿನ ಮೇಲೆ ಬರೆದು, ಕೈಸನ್ನೆಯಿಂದ ಓದಿಸಿ, ನಲವತ್ತು ನಿಮಿಷ ಪಾಠ ಮಾಡಿದ. ಮಿಸೆಸ್ ಗಥೋನಿ ಹಿಂದಿನ ವರ್ಷವೂ ಅದೇ ಮಫ್ಲರನ್ನು ನೋಡಿದ್ದರು. ಪಾಠ ಮುಗಿದ ಮೇಲೆ ಎದುರು ನಿಂತು, ಮೇಷ್ಟರಿಗೆ ನಮ್ಮಲ್ಲಿ ಅನ್ನುವ ಹಾಗೆ ಮ್ವಾಲಿಮು ಎಂದು ಕರೆದು, ನಿಮ್ಮ ವಿಷಯ ಯಾವುದು ಎಂದು ಮೆಲ್ಲಗೆ ಕೇಳಿದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ಇಂಗ್ರಿಷ್" ಅಂದ. ನಲವತ್ತು ಮಕ್ಕಳು ಡೆಸ್ಕಿಗೆ ಮುಖ ಒತ್ತಿ ಉಸಿರು ಹಿಡಿದವು.

ಪರಿವೀಕ್ಷಕಿ ಕೆಟ್ಟವರಲ್ಲ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನೇರವಾಗಿ ಹೇಳಿದರು. ಜುಲೈಯಲ್ಲಿ ನಕುರುವಿನಲ್ಲಿ ಶಾಲೆಗಳ ಪದ್ಯವಾಚನ ಸ್ಪರ್ಧೆ ಇದೆ. ಒಂಚಿರಿಯ ಮಕ್ಕಳು ಮೊದಲ ಮೂರರಲ್ಲಿ ಬಂದರೆ ಅವನ ಇಂಗ್ಲಿಷ್ ಅವನಿಗೇ ಇರಲಿ. ಬರದಿದ್ದರೆ ಪತ್ರ ಕಳಿಸುತ್ತೇನೆ, ಅವನು ಕೃಷಿ ಪಾಠಕ್ಕೆ ಹೋಗಲಿ. ನಮ್ಮ ಶಾಲೆಯಲ್ಲಿ ಕೃಷಿ ಪಾಠ ಎಂದರೆ ಒಂದು ಕೋಸಿನ ಮಡಿ, ಆರು ಮೊಲ.

ಅಂದು ಸಂಜೆ ಅವನು ಮೊಲದ ಗೂಡಿನ ಮುಂದೆ ಬಹಳ ಹೊತ್ತು ನಿಂತಿದ್ದ. ನಾನು ಹೋಗಿ, ಮೊಲಗಳ ಜೊತೆ ಮಾತಾಡುವಾಗ ಉಚ್ಚಾರಣೆ ಯಾರೂ ಕೇಳುವುದಿಲ್ಲ ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ. "ನಮ್ಮಪ್ಪ ಓದಿದವನಲ್ಲ. ನನ್ನ ಮಗ ಬಿಳಿಯರ ಭಾಷೆ ಕಲಿಸ್ತಾನೆ ಅಂತ ಸಂತೆಯಲ್ಲಿ ದನ ಮಾರೋನಿಗೂ ಹೇಳಿ ಸತ್ತ. ಈಗ ನಾನು ಮೊಲ ಕಾಯ್ಲಾ?" ಅಂದ. ಆಮೇಲೆ ನಾನು ಆ ತಮಾಷೆ ಮಾಡಲಿಲ್ಲ.

ಸ್ಪರ್ಧೆಯ ಪದ್ಯ ಕಚೇರಿಯಿಂದಲೇ ಬಂತು. ಇಪ್ಪತ್ತನಾಲ್ಕು ಸಾಲು, ಒಬ್ಬ ಮೀನುಗಾರನ ಕಥೆ. ಅದನ್ನು ಆರಿಸಿದವನಿಗೆ ನಮ್ಮ ಮೇಲೆ ಹಿಂದಿನ ಜನ್ಮದ ಹಗೆ ಇದ್ದಿರಬೇಕು. ನೀರು, ಬಲೆ, ಹುಟ್ಟು, ದಡ, ಮೀನು, ಒಂದೊಂದರ ಇಂಗ್ಲಿಷಿನಲ್ಲೂ ಯಾರೋ ಒಬ್ಬರ ಕಾಲಿಗೆ ತೊಡರುವ ಬೇರು. ಅಂಕಪಟ್ಟಿಯಲ್ಲಿ ಅದಕ್ಕೇ ಒಂದು ಕಾಲಂ ಇತ್ತು: ತಾಯಿನುಡಿಯ ಹಸ್ತಕ್ಷೇಪ. ಅದು ಕಂಡಷ್ಟೂ ಅಂಕ ಕಡಿತ.

ಮೂರು ದಿನ ಒಂಚಿರಿ ಆ ಪದ್ಯವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದ. ನಾಲ್ಕನೆಯ ದಿನ ನನ್ನ ಹತ್ತಿರ ಚೌಕುಳಿಯ ಕಾಗದ ಕೇಳಿದ. ಅಡ್ಡಕ್ಕೆ ಪದ್ಯದ ಸಾಲುಗಳನ್ನೂ ಉದ್ದಕ್ಕೆ ಮಕ್ಕಳ ಹೆಸರನ್ನೂ ಬರೆದ. ಯಾವ ಸಾಲಿನಲ್ಲಿ ಯಾವ ಅಕ್ಷರ ಇಲ್ಲವೋ ಆ ಸಾಲನ್ನು ಆ ಅಕ್ಷರ ಬಾರದ ಮಗುವಿಗೆ ಕೊಟ್ಟ. 'ಲ' ಇಲ್ಲದ ಸಾಲು ಕಿಕುಯು ಹುಡುಗರಿಗೆ, 'ರ' ಇಲ್ಲದ್ದು ನಮ್ಮ ಕಾಂಬಾದವರಿಗೆ, 'ಶ' ಇಲ್ಲದ್ದು ಲುವೋ ಮಕ್ಕಳಿಗೆ. ಎಲ್ಲರೂ ಕೂಡಿ ಹೇಳುವ ಕಡೆ, ಬಾರದವರು ದನಿ ಇಲ್ಲದೆ ಬಾಯಿ ಮಾತ್ರ ಆಡಿಸಬೇಕು. ಹರಿದ ಬಟ್ಟೆಗಳ ಗಟ್ಟಿ ತುಂಡುಗಳನ್ನೇ ಆಯ್ದು ಹೊಲಿದ ಕೌದಿಯ ಹಾಗೆ ಪದ್ಯ ಸಿದ್ಧವಾಯಿತು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಪೂರ್ತಿ ಇಂಗ್ಲಿಷ್ ಬರುತ್ತಿರಲಿಲ್ಲ, ಇಪ್ಪತ್ತನಾಲ್ಕೂ ಸೇರಿ ಹೇಳಿದಾಗ ಲಂಡನ್ನಿನ ರೇಡಿಯೋ. ಅವನು ಮಾತ್ರ ಬಾಯಿ ತೆರೆದು ಒಂದು ಸಾಲನ್ನೂ ಹೇಳಿಕೊಡಲಿಲ್ಲ. "ಅವೂರ್ ಹೇಳೋದು ಕೇಳು," "ಈಗ ಮ್ವೆಂಡೆ ಹೇಳೋದು ಕೇಳು," ಅಷ್ಟೇ ಅವನ ಬೋಧನೆ. ಮೂರು ತಿಂಗಳು ಮಕ್ಕಳು ಒಬ್ಬರ ಬಾಯನ್ನು ಒಬ್ಬರು ನೋಡುತ್ತಲೇ ಕೂತರು.

ಹದಿನೇಳನೆಯ ಸಾಲು ಒಂದೇ ಸರಿಯಾಗಲಿಲ್ಲ. ಅದರಲ್ಲಿ ಬಿಗ್, ರಿವರ್, ಲೇಕ್, ಫಿಶ್ ನಾಲ್ಕೂ ಇದ್ದವು. ಯಾರಿಗೆ ಕೊಟ್ಟರೂ ಎಲ್ಲೋ ಒಂದು ಕಡೆ ಕಾಲು ಜಾರುತ್ತಿತ್ತು. ಕೊನೆಗೆ ಅತಿ ಕಡಿಮೆ ಜಾರುವವಳೆಂದು ಅವೂರ್‌ಗೆ ಕೊಟ್ಟ. ಅವೂರ್ ಲುವೋ ಹುಡುಗಿ. ಹನ್ನೆರಡು ವರ್ಷ. ಸೊಂಟಕ್ಕೆ ಕೈ ಇಟ್ಟು, ಗಲ್ಲ ಎತ್ತಿ, ಸಂಸತ್ತಿನಲ್ಲಿ ಮಾತಾಡಿದ ಹಾಗೆ ಹೇಳುತ್ತಿದ್ದಳು. ಒಂದು 'ಫಿಸ್' ಬಿಟ್ಟರೆ ಮಿಕ್ಕಿದ್ದೆಲ್ಲ ಮುತ್ತು.

ಸ್ಪರ್ಧೆಗೆ ಎರಡು ದಿನ ಇದೆ ಎನ್ನುವಾಗ ತೋಟದ ಲುವೋ ಮೇಸ್ತ್ರಿಯೊಬ್ಬ ತೀರಿಕೊಂಡ. ಅವರು ಸತ್ತವರನ್ನು ಎಲ್ಲೆಂದರಲ್ಲಿ ಮಣ್ಣು ಮಾಡುವವರಲ್ಲ, ಹುಟ್ಟಿದ ಊರಿಗೇ ಒಯ್ಯಬೇಕು. ಬಾಡಿಗೆ ಬಸ್ಸು ಬಂತು. ಶವಪೆಟ್ಟಿಗೆಯ ಹಿಂದೆ ಅವರ ಸಂಸಾರಗಳೆಲ್ಲ ಹತ್ತಿದವು. ಅವೂರ್ ಹೋದಳು, ಅವಳ ಇಬ್ಬರು ಚಿಕ್ಕಪ್ಪನ ಮಕ್ಕಳೂ ಹೋದರು. ಕೌದಿಯ ನಡುವಿನ ಮೂರು ತುಂಡು ಕಿತ್ತುಹೋಯಿತು. ಒಂಚಿರಿ ಬಸ್ಸಿನ ಬಾಗಿಲಲ್ಲಿ ನಿಂತು ಸಂತಾಪ ಹೇಳಿ ಬಂದ. ಸ್ಪರ್ಧೆಯ ಮಾತು ಎತ್ತಲಿಲ್ಲ. ಅಂಥ ಜಾಗದಲ್ಲಿ ಎತ್ತುವವನೂ ಅಲ್ಲ.

ಉಳಿದ ಮೂರು ಸಾಲನ್ನು ಕಿಕುಯು ಹುಡುಗಿ ನ್ಯಾಂಬುರಾ, ಕಾಂಬಾದ ಮ್ವೆಂಡೆ, ಕಲೆಂಜಿನ್ ಹುಡುಗ ಕಿಪ್ರೊಟಿಚ್ ಇವರಿಗೆ ಹಂಚಿದ. ಹದಿನೇಳನೆಯದು ನ್ಯಾಂಬುರಾಗೆ ಬಂತು. ಒಂದು ದಿನವೆಲ್ಲ 'ಲೇಕ್' ಹೇಳಿಸಿದ. ಐವತ್ತು ಸಲ 'ರೇಕ್' ಆಯಿತು. ಸ್ಪರ್ಧೆಯ ಬೆಳಿಗ್ಗೆ ನಕುರುವಿಗೆ ಹೋಗುವ ವ್ಯಾನಿನಲ್ಲೂ 'ರೇಕ್'. ಒಂಚಿರಿ ಕಿಟಕಿಯ ಆಚೆ ನೋಡುತ್ತ ಕೂತ. ಮೊಲಗಳಿಗೆ ಹೆಸರು ಇಡುತ್ತಿದ್ದಾನೆ ಎಂದುಕೊಂಡೆ.

ಹಿಂದಿನಿಂದ ನ್ಯಾಂಬುರಾ ಕೇಳಿದಳು: "ಸರ್, ನಾನು ಅವೂರ್ ಆಗಿ ಹೇಳ್ಲಾ?"

"ಹಾಗಂದ್ರೆ?"

"ನ್ಯಾಂಬುರಾ ಆಗಿ ಹೇಳಿದ್ರೆ ಬರಲ್ಲ ಸರ್. ಅವೂರ್ ಆಗಿ ಹೇಳಿದ್ರೆ ಬರುತ್ತೆ."

ಓಡುವ ವ್ಯಾನಿನಲ್ಲಿ ಎದ್ದು ನಿಂತು, ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದನ್ನು ಸೊಂಟಕ್ಕಿಟ್ಟು, ಗಲ್ಲ ಎತ್ತಿ ಹೇಳಿದಳು. 'ಲೇಕ್' ನೀರಿನ ಹಾಗೆ ಬಂತು. ಡ್ರೈವರ್ ಕೂಡ ಕನ್ನಡಿಯಲ್ಲಿ ಹಿಂದೆ ನೋಡಿದ. ಆದರೆ ಸಾಲಿನ ಕೊನೆಯಲ್ಲಿ 'ಫಿಸ್' ಎಂದು ಬಿಟ್ಟಳು.

ಒಂಚಿರಿ ತಲೆ ಹಿಡಿದುಕೊಂಡ. "ಅಮ್ಮಾ, ಆ ಕೊನೆಯ ಪದ ನಿನಗೆ ಸರಿಯಾಗೇ ಬರುತ್ತಲ್ಲ?"

"ನನಗೆ ಬರುತ್ತೆ ಸರ್," ಎಂದಳು ನ್ಯಾಂಬುರಾ. "ಅವೂರ್‌ಗೆ ಬರಲ್ಲ."

ಅರ್ಧ ಅವೂರ್, ಅರ್ಧ ನ್ಯಾಂಬುರಾ ಆಗಿ ಹೇಳಿಸಿ ನೋಡಿದ. ಹುಡುಗಿ ತೊದಲಿ ಕಣ್ಣಲ್ಲಿ ನೀರು ತಂದುಕೊಂಡಳು. ಅಷ್ಟರಲ್ಲಿ ಮ್ವೆಂಡೆ ಮತ್ತು ಕಿಪ್ರೊಟಿಚ್ ತಮಗೂ ಹಾಗೆಯೇ ಸುಲಭ ಎಂದರು. ಆಗಲಿ, ಬಂದ ಹಾಗೆ ಬರಲಿ ಎಂದ ಒಂಚಿರಿ.

ನಕುರುವಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಿಸೆಸ್ ಗಥೋನಿ. ತೀರ್ಪುಗಾರರು ಮಕೋಖಾ ಎಂಬ ನಿವೃತ್ತ ಹೆಡ್‌ಮಾಸ್ತರು, ಪಶ್ಚಿಮದ ಲುಹ್ಯಾ ಕಡೆಯವರು. ಅವರ ಖ್ಯಾತಿ ದೊಡ್ಡದು. ಒಂದು ಸಾಲು ಕೇಳಿದರೆ ಮಗುವಿನ ಜಿಲ್ಲೆ ಹೇಳುತ್ತಾರೆ, ಎರಡು ಸಾಲು ಕೇಳಿದರೆ ಅಜ್ಜಿಯ ಊರು ಹೇಳುತ್ತಾರೆ ಎಂದು ಜನ ಹೆದರುತ್ತಿದ್ದರು. ಅವರ ಬಾಯಲ್ಲಿ 'ಬ'ಗಳೆಲ್ಲ 'ಪ', 'ಗ'ಗಳೆಲ್ಲ 'ಕ'. ಅದನ್ನು ಹೇಳುವ ಕೆಲಸ ಯಾರದೂ ಅಲ್ಲ, ತೀರ್ಪುಗಾರರಿಗೆ ತೀರ್ಪುಗಾರರಿಲ್ಲ.

ನಮ್ಮ ಮಕ್ಕಳು ವೇದಿಕೆ ಹತ್ತಿದರು. ಹದಿನಾರು ಸಾಲು ಗಾಜಿನ ಮೇಲೆ ನೀರು ಜಾರಿದ ಹಾಗೆ ಹೋಯಿತು. ಆಮೇಲೆ ಮೂರು ಸಾಲು ಮೂವರ ಬಾಯಿಂದ, ಮೂವರೂ ಸೊಂಟಕ್ಕೆ ಕೈ ಇಟ್ಟುಕೊಂಡೇ, 'ಶ' ಇಲ್ಲದ ಕಡೆಯೂ ಲುವೋ ರಾಗ ಎಳೆದು, ಅಪ್ಪಟ ಲುವೋ ಇಂಗ್ಲಿಷಿನಲ್ಲಿ ಬಂದವು. ಮಕೋಖಾರ ಪೆನ್ನು ಚುರುಕಾಯಿತು.

ತೀರ್ಪು ಓದುವಾಗ ಅವರು ನಮ್ಮ ಶಾಲೆಯನ್ನು ಬಹಳ ಹೊಗಳಿದರು. ಇಷ್ಟು ಶುದ್ಧ ಉಚ್ಚಾರಣೆ ತೋಟದ ಶಾಲೆಯಲ್ಲಿ ಕೇಳಿರಲಿಲ್ಲ ಅಂದರು. ಆದರೆ ಮೂರು ಮಕ್ಕಳು, ಪಶ್ಚಿಮದ ಮಹಾಸರೋವರದ ದಂಡೆಯ ಲುವೋಗಳು, ತಾಯಿನುಡಿಯನ್ನು ಬಿಡಲಾಗದೆ ಕೆಡಿಸಿಬಿಟ್ಟರು, ಆರು ಅಂಕ ಹೋಯಿತು, ಒಂಬತ್ತನೆಯ ಸ್ಥಾನ ಎಂದರು. ಮಕ್ಕಳಿಗೆ ಬುದ್ಧಿ ಹೇಳುವ ಉತ್ಸಾಹದಲ್ಲಿ ಆ ಮೂವರನ್ನು ಮುಂದೆ ಕರೆದು ಹೆಸರು ಕೇಳಿದರು.

"ನ್ಯಾಂಬುರಾ."

"ಮ್ವೆಂಡೆ."

"ಕಿಪ್ರೊಟಿಚ್, ಸರ್."

ನಮ್ಮಲ್ಲಿ ಹೆಸರು ಕೇಳಿದರೇ ಕುಲ ಗೊತ್ತಾಗುತ್ತದೆ, ಆ ಮೂರರಲ್ಲಿ ಒಂದೂ ಲುವೋ ಹೆಸರಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ನಗು ಹೊರಟು ಮುಂದಿನ ಬೆಂಚಿಗೆ ಬಂದು ಬಡಿಯಿತು. ಮಕೋಖಾ ಕನ್ನಡಕ ತೆಗೆದು ಒರೆಸಿದರು. ನ್ಯಾಂಬುರಾಳ ಬಳಿ ಬಗ್ಗಿ, ನಿನ್ನ ತಾಯಿ ಲುವೋ ಏನಮ್ಮ ಎಂದು ಕೇಳಿದರು. ಅಲ್ಲ ಎಂದಳು. ಹಾಗಾದರೆ ಅಜ್ಜಿ? ಅಜ್ಜಿಯೂ ಅಲ್ಲ. ಏನೇ ಇರಲಿ, ತಪ್ಪು ತಪ್ಪೇ ಎಂದು ಅವರು ಕಾಗದ ಮಡಿಸತೊಡಗಿದರು.

ಆಗ ಒಂಚಿರಿ ಎದ್ದು ನಿಂತ. ಕುತ್ತಿಗೆಗೆ ಮಫ್ಲರು ಇರಲಿಲ್ಲ. ನಾನು ಅಂಗಿಯ ಚುಂಗು ಹಿಡಿದು ಎಳೆದೆ. ಪರಿವೀಕ್ಷಕಿ ತಿರುಗಿ ನೋಡುತ್ತಿದ್ದರು. ಆರು ನೂರು ಜನರೆದುರು ಅವನು ಬೀದಿ ಸುತ್ತದೆ, 'ಲ' ಇರುವ ಪದಗಳನ್ನು ತಪ್ಪಿಸದೆ, ನೇರವಾಗಿ ಮಾತಾಡಿದ. ಅವನ ಒಂದೊಂದು 'ಲ'ವೂ 'ರ' ಆಗಿಯೇ ಹೊರಬಂತು. ಇಲ್ಲಿ ನಾನು ತಿದ್ದಿ ಬರೆದಿದ್ದೇನೆ.

"ಸರ್, ನಿಯಮದಲ್ಲಿ ತಾಯಿನುಡಿ ಅಂತಿದೆ. ಈ ಹುಡುಗಿಯ ತಾಯಿ ನನಗೆ ಗೊತ್ತು. ಆರನೇ ಶೆಡ್ಡಲ್ಲಿ ಗುಲಾಬಿ ಮುಳ್ಳು ತೆಗೀತಾಳೆ. ಆಕೆಗೆ ಲುವೋ ಮಾತು ಒಂದೂ ಬರಲ್ಲ. ಈ ತಪ್ಪು ತಾಯಿಯಿಂದ ಬಂದಿದ್ದಲ್ಲ ಸರ್, ಪಕ್ಕದ ಬೆಂಚಿಂದ ಬಂದಿದ್ದು. ಆ ಬೆಂಚಿನ ಹುಡುಗಿ ಇವತ್ತು ಮಣ್ಣಿಗೆ ಹೋಗಿದಾಳೆ, ಅದಕ್ಕೆ ಇವಳು ಅವಳಾಗಿ ಹೇಳಿದ್ಲು. ಪಕ್ಕದ ಬೆಂಚಿಗೆ ಅಂಕ ಕಳೀಬೇಕು ಅಂತ ನಿಮ್ಮ ಕಾಗದದಲ್ಲಿ ಎಲ್ಲಿದೆ, ತೋರಿಸಿ."

ಮಕೋಖಾ ಕಾಗದ ಮತ್ತೆ ಬಿಡಿಸಿ ನೋಡಿದರು. ಇರಲಿಲ್ಲ. ಮುಖ ಉಳಿಸಿಕೊಳ್ಳಬೇಕಲ್ಲ, "ಕೂತ್ಕೊಳ್ಳಿ ಮ್ವಾಲಿಮು. ನೀವು ಮಾತ್ರ ಕಿಸೀ ಬೆಟ್ಟದೋರು. ಅದರಲ್ಲಿ ನನಗೆ ಅನುಮಾನ ಇಲ್ಲ" ಎಂದರು.

"ಹೌದು ಸರ್," ಎಂದ ಒಂಚಿರಿ. "ಇದು ಮಾತ್ರ ನಮ್ಮಮ್ಮಂದೇ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮಕೋಖಾರೂ ನಕ್ಕರು. ಆಮೇಲೆ ನ್ಯಾಯವಾಗಿ ಆರು ಅಂಕವನ್ನೂ ಹಿಂದಿರುಗಿಸಿದರು. ಮತ್ತೆ ಕೂಡಿ ನೋಡಿದಾಗ ನಾವು ನಾಲ್ಕನೆಯವರು.

ಮೂರಲ್ಲ, ನಾಲ್ಕು. ನಾನು ಗಣಿತದವನು, ಮೂರು ಸಲ ಕೂಡಿದೆ. ಮಿಸೆಸ್ ಗಥೋನಿ ಹೊರಗೆ ಮೆಟ್ಟಿಲ ಬಳಿ ಒಂಚಿರಿಯ ಕೈ ಕುಲುಕಿ, "ಪತ್ರ ಬರುತ್ತೆ, ಮ್ವಾಲಿಮು" ಎಂದಷ್ಟೇ ಹೇಳಿ ಹೋದರು.

ಸೋಮವಾರ ಅವನು ಗುಮಾಸ್ತರ ಕಿಟಕಿಗೆ ಹೋಗಿ, ಪತ್ರ ಬಂತಾ ಎಂದು ಕೇಳಿದ. ಬಂದಿಲ್ಲ ಅಂದರು. ಹಾಗಾದರೆ ಈ ವಾರದ ಪಾಠ ಮಾಡಿಬಿಡೋಣ ಎಂದು ಹೋದ. ಮುಂದಿನ ಸೋಮವಾರವೂ ಕೇಳಿದ. ಅದರ ಮುಂದಿನದೂ. ಪತ್ರ ಬರುವುದರೊಳಗೆ ಕ್ರಿಯಾಪದ ಮುಗಿಸಬೇಕು, ಪತ್ರ ಬರುವುದರೊಳಗೆ ಪ್ರಬಂಧ ಬರೆಸಬೇಕು ಎಂದು ಪ್ರತಿ ವಾರವೂ ಅವಸರ. ಮಫ್ಲರು ಮತ್ತೆ ಕಟ್ಟಲಿಲ್ಲ. ಹೇಗಿದ್ದರೂ ಎಲ್ಲರಿಗೂ ಗೊತ್ತಾಗಿದೆ ಎಂದು ತನ್ನ 'ರ'ಗಳನ್ನೆಲ್ಲ ಧಾರಾಳವಾಗಿ ಚೆಲ್ಲಿ ಪಾಠ ಮಾಡಿದ. ಮಕ್ಕಳು ಅವನನ್ನು ಅಣಕಿಸಿ ನಗುತ್ತಲೇ ಕಲಿತರು. ಹೊಸ ಗುಮಾಸ್ತರು ಬಂದಾಗ, ಇದು ಯಾವ ಪತ್ರ ಎಂದು ಕೇಳಿದರೆ, "ಬಂದಾಗ ನಿಮಗೇ ಗೊತ್ತಾಗುತ್ತೆ" ಎನ್ನುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ನಿವೃತ್ತಿಯ ದಿನವೂ ಕಿಟಕಿಗೆ ಹೋಗಿ ಬಂದ.

ಹೋದ ತಿಂಗಳು ಕಿಸೀ ಬೆಟ್ಟದಲ್ಲಿ ಅವನ ಮಣ್ಣಾದ ಮೇಲೆ, ಊಟದ ಸಾಲಿನಲ್ಲಿ ನನ್ನ ಮುಂದೆ ಕೋಲೂರಿಕೊಂಡು ಒಬ್ಬ ಮುದುಕಿ ನಿಂತಿದ್ದರು. ಮಿಸೆಸ್ ಗಥೋನಿ. ಇಷ್ಟು ದೂರ ಬಂದಿದ್ದರು. ನಾನು ಗುರುತು ಹೇಳಿ, ಸುತ್ತಿ ಬಳಸದೆ, ಆ ಪತ್ರ ಏನಾಯಿತು ಎಂದು ಕೇಳಿದೆ.

"ಬರೆಯೋಕೆ ಕೂತೆ ಕಿಮೆಯು. ಕಾರಣ ಅಂತ ಒಂದು ಜಾಗ ಇತ್ತು. ಅಲ್ಲಿಗೆ ಬಂದ ತಕ್ಷಣ 'ನಮ್ಮಮ್ಮಂದೇ' ಅಂದಿದ್ದು ನೆನಪಾಗಿ ನಗು ಬಂತು. ನಾಳೆ ಬರೆಯೋಣ ಅಂತ ಎದ್ದೆ. ಮಾರನೇ ದಿನವೂ ಅಷ್ಟೇ ಆಯ್ತು." ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಅವರು ಕಾಯ್ತಿದ್ರಾ?" ಎಂದು ಕೇಳಿದರು.

"ಪ್ರತಿ ಸೋಮವಾರ" ಎಂದೆ.

ಅವರು ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತರು. "ಅಯ್ಯೋ. ಬರೆಯಲ್ಲ ಅಂತಾದ್ರೂ ಒಂದು ಪತ್ರ ಬರೀಬೇಕಿತ್ತು."

ಬೇಡವಾಗಿತ್ತು ಮೇಡಮ್, ಬರೆದಿದ್ದರೆ ಅವನು ಅವಸರ ಬಿಟ್ಟುಬಿಡುತ್ತಿದ್ದ ಎಂದು ನಾನು ಹೇಳಿದೆ. ಅದು ಅವರ ಸಮಾಧಾನಕ್ಕೆ ಹೇಳಿದ್ದೋ ನನ್ನ ಸಮಾಧಾನಕ್ಕೋ ತಿಳಿಯದು. ಅಷ್ಟರಲ್ಲಿ ಹಿಂದಿನವರು, ಸಾಲು ಮುಂದೆ ಸರಿಯಲಿ ಎಂದು, 'ರೈನ್, ರೈನ್' ಅಂತ ಕೂಗಿದರು. ಕಿಸೀ ಜನ, ಅಲ್ಲೂ 'ಲ' ಇರಲಿಲ್ಲ. ನಾವಿಬ್ಬರೂ ತಟ್ಟೆ ಮುಂದೆ ಚಾಚಿದೆವು.